ಬೋರಿನ ನೀರು ಮತ್ತು ಮಕ್ಕಳ ಹಲ್ಲು

ಬೇಸಗೆ ಕಾಲಿಟ್ಟಿತೆಂದರೆ ನಮ್ಮ ಸೇಲಂ, ಧರ್ಮಪುರಿ ಸೀಮೆಯ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲಿಯೂ ನೀರಿನ ಮಾತೇ. ಕೆರೆ ಬತ್ತಿತು, ಸೇದುವ ಬಾವಿ ತಳ ಕಂಡಿತು, ಬೋರು ಎಷ್ಟು ಅಡಿಗೆ ಇಳಿಯಿತು ಎಂಬುದೇ ಜಗಲಿಕಟ್ಟೆಯ ಚರ್ಚೆ. ನೀರು ಎಷ್ಟು ಸಿಕ್ಕಿತೆಂದು ಕೇಳುವವರು ಬಹಳ. ಸಿಕ್ಕಿದ ನೀರಿನಲ್ಲಿ ಏನಿದೆ ಎಂದು ಕೇಳುವವರು ಕಡಮೆ. ಈ ವಾರ ಆ ಎರಡನೆಯ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಬರೆಯುತ್ತೇವೆ. ಈ ವಿಷಯವಾಗಿ ಸರ್ಕಾರದವರು ಹೊರಡಿಸುವ ಕರಪತ್ರಗಳು ತಮಿಳಿನಲ್ಲಿರುತ್ತವೆ. ಕನ್ನಡ ಮನೆಮಾತಿನ ನಮ್ಮ ಅಜ್ಜಿಯರಿಗೂ ತಾಯಂದಿರಿಗೂ ಅವು ಮುಟ್ಟುವುದು ಕಷ್ಟ. ಮನೆಯ ನೀರಿನ ಯಜಮಾನಿಕೆ ಇರುವುದಾದರೋ ಅವರ ಕೈಯಲ್ಲಿಯೇ. ಆದಕಾರಣ ಓದುಬಲ್ಲವರು ಇದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕೆಂದು ಕೋರುತ್ತೇವೆ.

ಶಾಲೆಯಲ್ಲಿ ಪಾಠ ಓದಲು ಎದ್ದು ನಿಂತಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮಕ್ಕಳನ್ನು ನಾವು ಎಷ್ಟೋ ವರ್ಷಗಳಿಂದ ಕಾಣುತ್ತಿದ್ದೇವೆ. ಅವರ ಹಲ್ಲಿನ ಮೇಲೆ ಸುಣ್ಣ ಬಳಿದಂತೆ ಬಿಳಿಯ ಗೆರೆಗಳು, ಹಳದಿ ಪಟ್ಟೆಗಳು, ಕೆಲವರಿಗೆ ಕಂದು ಕಲೆಗಳು. ಹಲ್ಲು ಉಜ್ಜದ ಸೋಮಾರಿಗಳೆಂದು ಜನರು ಈ ಮಕ್ಕಳನ್ನು ಹೀಗಳೆಯುವುದುಂಟು. ಹೆಣ್ಣುಮಕ್ಕಳಾದರೆ ಮದುವೆಯ ಮಾತುಕತೆಯಲ್ಲಿಯೂ ಈ ಕಲೆ ಎದುರು ಬಂದು ನಿಲ್ಲುತ್ತದೆ. ಇದು ಸೋಮಾರಿತನದ ಗುರುತಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ವಂಶದಿಂದ ಬಂದದ್ದೂ ಅಲ್ಲ. ಒಂದೇ ಮನೆಯ ಅಣ್ಣತಮ್ಮಂದಿರಿಗೆಲ್ಲ ಇರುವುದು ಏಕೆಂದರೆ ಎಲ್ಲರೂ ಕುಡಿದದ್ದು ಒಂದೇ ನೀರು. ಇಟ್ಟಿಗೆ ಪುಡಿ, ಇದ್ದಲು ಹಾಕಿ ತಿಕ್ಕಿದರೆ ಕಲೆ ಹೋಗುವುದಿಲ್ಲ, ಹಲ್ಲು ಮಾತ್ರ ಸವೆಯುತ್ತದೆ.

ಕಲ್ಲಿನಿಂದ ನೀರಿಗೆ

ಈ ಕಲೆಗೆ ಕಾರಣ ಫ್ಲೋರೈಡ್ ಎಂಬ ಲವಣ. ನಮ್ಮ ಸೀಮೆಯ ನೆಲದಡಿ ಇರುವುದು ಗಟ್ಟಿ ಕಲ್ಲು. ಆ ಕಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಸೇರಿಕೊಂಡಿದೆ. ಮಳೆಯ ನೀರು ಇಂಗಿ ಕಲ್ಲಿನ ಬಿರುಕುಗಳಲ್ಲಿ ಎಷ್ಟು ಕಾಲ ನಿಲ್ಲುತ್ತದೆಯೋ ಅಷ್ಟು ಲವಣವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಹಿಂದಿನವರು ಕುಡಿದದ್ದು ಕೆರೆಯ ನೀರು, ಮೇಲುಮೇಲಿನ ಸೇದುಬಾವಿಯ ನೀರು. ಈಗ ನಾವು ನೂರಾರು ಅಡಿ ಕೊರೆದು, ಬಹುಕಾಲದಿಂದ ಕಲ್ಲಿನ ನಡುವೆ ನಿಂತ ನೀರನ್ನು ಎತ್ತುತ್ತಿದ್ದೇವೆ. ಈ ನೀರಿಗೆ ಬೇರೆ ಬಣ್ಣವಿಲ್ಲ, ವಾಸನೆಯಿಲ್ಲ. ಉಪ್ಪುಪ್ಪಾಗಿರುವ ನೀರು ಕೆಟ್ಟದ್ದು, ಸಿಹಿಯಾಗಿ ಬೇಳೆ ಬೇಯುವ ನೀರು ಒಳ್ಳೆಯದು ಎಂಬ ನಮ್ಮ ಹಳೆಯ ಲೆಕ್ಕ ಇಲ್ಲಿ ಸಾಲದು. ಬಾಯಿಗೆ ಹಿತವಾದ ನೀರಿನಲ್ಲಿಯೂ ಎಷ್ಟೋ ಸಲ ಫ್ಲೋರೈಡ್ ಹೆಚ್ಚಾಗಿರುತ್ತದೆ.

ಇದು ಹೊಸದಾಗಿ ಕಂಡುಹಿಡಿದ ವಿಚಾರವಲ್ಲ. 1937ರಲ್ಲಿ ಶಾರ್ಟ್ ಎಂಬ ವೈದ್ಯ ವಿಜ್ಞಾನಿಯೂ ಅವರ ಸಂಗಡಿಗರೂ ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಈ ರೋಗವನ್ನು ಕಂಡು ವರದಿ ಬರೆದರು. ನಮ್ಮ ಸೇಲಂ ಕೂಡ ಆಗ ಅದೇ ಪ್ರಾಂತದಲ್ಲಿತ್ತು. ಗಡಿಯ ಆಚೆ ಪಾವಗಡದ ಕಡೆಯ ನೆಂಟರನ್ನು ಕೇಳಿದರೆ ಅವರೂ ಇದೇ ಕಷ್ಟ ಹೇಳುತ್ತಾರೆ. ಲೀಟರು ನೀರಿಗೆ ಫ್ಲೋರೈಡ್ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದೆಂದೂ, ಬೇರೆ ನೀರು ಸಿಕ್ಕದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರ ಮಿತಿಯೂ 1.5 ಮಿಲಿಗ್ರಾಂ.

ಮೊದಲ ಎಂಟು ವರ್ಷ

ತಂದೆತಾಯಿಗಳು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದು. ಮಗುವಿಗೆ ಬೀಳದೆ ಉಳಿಯುವ ಹಲ್ಲುಗಳು ಬಾಯಿಯಲ್ಲಿ ಕಾಣಿಸಿಕೊಳ್ಳುವುದು ಆರೇಳು ವರ್ಷದ ಮೇಲೆ. ಆದರೆ ದವಡೆಯೊಳಗೆ ಅವು ರೂಪುಗೊಳ್ಳುವುದು ಹುಟ್ಟಿದಂದಿನಿಂದ ಸುಮಾರು ಎಂಟನೆಯ ವರ್ಷದವರೆಗೆ. ಆ ಕಾಲದಲ್ಲಿ ಹೊಟ್ಟೆಗೆ ಹೋದ ಫ್ಲೋರೈಡ್ ಹಲ್ಲಿನ ಮೇಲ್ಪೊರೆಯನ್ನು ಕೆಡಿಸುತ್ತದೆ. ಏಳನೆಯ ವರ್ಷದಲ್ಲಿ ಹುಟ್ಟುವ ಹಲ್ಲು ಎರಡನೆಯ ವರ್ಷದಲ್ಲಿ ಕುಡಿದ ನೀರಿನ ಲೆಕ್ಕ ಹೇಳುತ್ತದೆ. ಕಲೆ ಕಂಡ ಮೇಲೆ ನೀರು ಬದಲಿಸಿದರೆ ಆ ಹಲ್ಲು ಮೊದಲಿನಂತಾಗದು. ಹಲ್ಲಿನ ವೈದ್ಯರು ಮೇಲೊಂದು ಪದರ ಹಚ್ಚಿ ಮರೆಮಾಡಬಲ್ಲರು, ಅಷ್ಟೆ.

ತಾಯಿಯ ಹಾಲಿನಲ್ಲಿ ಫ್ಲೋರೈಡ್ ಅತ್ಯಲ್ಪ. ತಾಯಿ ಬೋರಿನ ನೀರು ಕುಡಿಯುತ್ತಿದ್ದರೂ ಹಾಗೆಯೇ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲನ್ನೇ ಕೊಡತಕ್ಕದ್ದು. ತೊಂದರೆ ಹೊಕ್ಕುವುದು ಆಮೇಲೆ, ರಾಗಿ ಸರಿ ಕಾಯಿಸುವ ನೀರಿನಿಂದ, ಡಬ್ಬದ ಹಾಲಿನ ಪುಡಿ ಕಲಸುವ ನೀರಿನಿಂದ.

ದೊಡ್ಡವರ ಹಲ್ಲಿಗೆ ಹೊಸದಾಗಿ ಕಲೆ ಬರುವುದಿಲ್ಲ. ಅವರಲ್ಲಿ ಇದು ಎಲುಬನ್ನು ಹಿಡಿಯುತ್ತದೆ. ಹೆಚ್ಚು ಫ್ಲೋರೈಡಿನ ನೀರನ್ನು ಹತ್ತಿಪ್ಪತ್ತು ವರ್ಷ ಕುಡಿದವರಿಗೆ ಕುತ್ತಿಗೆ, ಬೆನ್ನು, ಸೊಂಟ, ಮಂಡಿ ಬಿಗಿಯುತ್ತವೆ. ವಯಸ್ಸಾಯಿತೆಂದೋ ವಾಯುವೆಂದೋ ಸುಮ್ಮನಾಗುವವರೇ ಹೆಚ್ಚು. ಮನೆಯಲ್ಲಿಯೇ ಮೂರು ಪರೀಕ್ಷೆ ಮಾಡಿ ನೋಡಬಹುದು. ಮಂಡಿ ಬಗ್ಗಿಸದೆ ಬಾಗಿ ಕಾಲಿನ ಬೆರಳು ಮುಟ್ಟುವುದು. ಗಲ್ಲವನ್ನು ಎದೆಗೆ ತಾಗಿಸುವುದು. ಎರಡು ಕೈಗಳನ್ನೂ ತಲೆಯ ಹಿಂದಕ್ಕೆ ಒಯ್ದು ಹೆಣೆಯುವುದು. ನಡುವಯಸ್ಸಿನವರಿಗೆ ಇವು ನೋವಿನಿಂದ ಆಗದೆ ಹೋದರೆ ವೈದ್ಯರಿಗೆ ತೋರಿಸಬೇಕು. ಯಾವ ನೀರು ಕುಡಿಯುತ್ತೇವೆಂಬುದನ್ನೂ ಅವರಿಗೆ ಹೇಳಬೇಕು.

ಹೊಗೇನಕಲ್ ನೀರು ಬಂದ ಮೇಲೆ

ಈ ರೋಗವನ್ನು ತಡೆಯುವುದಕ್ಕೆಂದೇ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂದಿತು. 2008ರಲ್ಲಿ ಅಡಿಗಲ್ಲು ಹಾಕಿದರು. ಜಪಾನಿನ ಸಾಲದ ನೆರವಿನಿಂದ ಕೆಲಸ ನಡೆದು 2013ರ ಮೇ ತಿಂಗಳಲ್ಲಿ ಪ್ರಾರಂಭವಾಯಿತು. ಹೊಳೆಯ ನೀರು ಕಲ್ಲಿನೊಳಗೆ ನಿಂತ ನೀರಲ್ಲವಾದ್ದರಿಂದ ಅದರಲ್ಲಿ ಫ್ಲೋರೈಡ್ ಕಡಮೆ. ನಲ್ಲಿಯಲ್ಲಿ ಆ ನೀರು ಬರುವ ಹಳ್ಳಿಗಳವರು ಅದರ ಬೆಲೆಯನ್ನು ಅರಿಯಬೇಕು.

ಆದರೆ ನಲ್ಲಿ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೊಗೇನಕಲ್ ನೀರನ್ನೂ ಊರಿನ ಬೋರಿನ ನೀರನ್ನೂ ಒಂದೇ ಮೇಲ್ತೊಟ್ಟಿಗೆ ಬಿಟ್ಟರೆ ಏನಾಗುತ್ತದೆಂದು ಶಾಲೆಯ ಲೆಕ್ಕದಂತೆ ನೋಡೋಣ. ಬೋರಿನ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ, ಹೊಳೆಯ ನೀರಿನಲ್ಲಿ ಅರ್ಧ ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಸಮಸಮ ಬೆರೆಸಿದರೆ 1.75 ಆಯಿತು, ಮಿತಿ ಮೀರಿತು. ನಲ್ಲಿಯಲ್ಲಿ ಬರುವುದೆಲ್ಲ ಹೊಳೆಯ ನೀರೆಂದು ನಂಬಿ ಕುಡಿದವರಿಗೆ ಇದು ತಿಳಿಯುವುದೇ ಇಲ್ಲ. ತೊಟ್ಟಿಗೆ ಯಾವ ಯಾವ ನೀರು ಬೀಳುತ್ತದೆಂದು ನೀರು ಬಿಡುವವರನ್ನು ಕೇಳುವುದು ನಮ್ಮ ಹಕ್ಕು.

ಎರಡನೆಯ ತಪ್ಪು ಅಡಿಗೆಮನೆಯಲ್ಲಿ ನಡೆಯುತ್ತದೆ. ಒಳ್ಳೆಯ ನೀರು ದಿನ ಬಿಟ್ಟು ದಿನ ಬಂದರೆ ಅದನ್ನು ಕುಡಿಯಲು ಮಾತ್ರ ಇಟ್ಟು, ಮುದ್ದೆಗೂ ಅನ್ನಕ್ಕೂ ಸಾರಿಗೂ ಬೋರಿನ ನೀರನ್ನು ಇಡುತ್ತೇವೆ. ಹಿಟ್ಟು, ಅಕ್ಕಿ ಕುಡಿದ ನೀರು ನಮ್ಮ ಹೊಟ್ಟೆಗೇ ಬರುತ್ತದಲ್ಲವೆ? ತಲೆಗೆ ಒಂದು ಲೀಟರು ನೀರು ಅಡಿಗೆಯ ಮೂಲಕ ಸೇರಿದರೂ ಮೇಲೆ ಹೇಳಿದ ಬೋರಿನ ನೀರಾದರೆ 3 ಮಿಲಿಗ್ರಾಂ ಆಯಿತು. ಮಿತಿಯ ಅಂಚಿನಲ್ಲಿರುವ ನೀರನ್ನು ಎರಡು ಲೀಟರು ಕುಡಿದದ್ದಕ್ಕೆ ಇದು ಸಮ. ಆದ್ದರಿಂದ ಒಳ್ಳೆಯ ನೀರು ಕುಡಿಯುವುದಕ್ಕೂ ಬೇಯಿಸುವುದಕ್ಕೂ ಎಂದು ತಿಳಿಯಿರಿ. ಆ ನೀರಿನ ಕೊಡಗಳಿಗೆ ಸುಣ್ಣದ ಬೊಟ್ಟಿಟ್ಟು ಬೇರೆ ಇಡಿ. ಮೀಯಲು, ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು ಬೋರಿನ ನೀರು ಬಳಸಬಹುದು. ಫ್ಲೋರೈಡ್ ಚರ್ಮದ ಮೂಲಕ ಒಳಗಿಳಿದು ಈ ರೋಗ ತರುವುದಿಲ್ಲ. ಒಳ್ಳೆಯ ನೀರು ಎಲ್ಲರಿಗೂ ಸಾಲದೆ ಹೋದ ದಿನ ಎಂಟು ವರ್ಷದೊಳಗಿನ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಮೊದಲ ಪಾಲು.

ಮೂರನೆಯದು ಹೊಲದ ಮಾತು. ಬಿಸಿಲಲ್ಲಿ ದುಡಿಯುವವನು ದಿನಕ್ಕೆ ಮೂರು ನಾಲ್ಕು ಲೀಟರು ನೀರು ಕುಡಿಯುತ್ತಾನೆ. ಕುಡಿಯಲೇಬೇಕು, ಇಲ್ಲವಾದರೆ ಬಿಸಿಲ ಬೇಗೆ ತಗಲುತ್ತದೆ. ಬೇಸಗೆಯಲ್ಲಿ ಕುಡಿಯುವ ನೀರು ಎರಡರಷ್ಟಾದರೆ ಹೊಟ್ಟೆಗೆ ಹೋಗುವ ಫ್ಲೋರೈಡೂ ಎರಡರಷ್ಟಾಯಿತು. ಇದಕ್ಕೆ ಉಪಾಯ ನೀರು ಕಡಮೆ ಮಾಡುವುದಲ್ಲ. ಪಂಪ್‌ಸೆಟ್ಟಿನ ಬಾಯಿಗೆ ಬೊಗಸೆ ಒಡ್ಡುವ ಬದಲು ಮನೆಯಿಂದ ನೀರನ್ನೂ ಮಜ್ಜಿಗೆಯನ್ನೂ ಹೊತ್ತೊಯ್ಯುವುದು. ಕೂಲಿಯಾಳುಗಳಿಗೂ ಅದೇ ನೀರು ಕೊಡಬೇಕು. ಮಕ್ಕಳು ಶಾಲೆಗೆ ಬಾಟಲಿಯಲ್ಲಿ ಮನೆಯ ನೀರನ್ನೇ ತರಲಿ.

ಯಾವುದು ಉಪಾಯ, ಯಾವುದು ಅಲ್ಲ

ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಎರಡು ಲೀಟರನ್ನು ಕುದಿಸಿ ಒಂದು ಲೀಟರಿಗೆ ಇಳಿಸಿದರೆ ಎರಡರ ಫ್ಲೋರೈಡೂ ಆ ಒಂದರಲ್ಲಿಯೇ ಉಳಿಯಿತು. ಬಟ್ಟೆಯಲ್ಲಿ ಸೋಸುವುದು, ಕ್ಲೋರಿನ್ ಹಾಕುವುದು, ಸಾಮಾನ್ಯ ಕ್ಯಾಂಡಲ್ ಫಿಲ್ಟರು ಇವೂ ಫ್ಲೋರೈಡಿಗೆ ನಾಟುವುದಿಲ್ಲ. ಆರ್.ಓ. ಯಂತ್ರ ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತದೆ. ಅದು ಹೊರಬಿಡುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದರಿಂದ ಅದನ್ನು ಕುಡಿಯಲೂ ದನಗಳಿಗೆ ಇಡಲೂ ಕೂಡದು. ಪಟಿಕ, ಸುಣ್ಣ ಹಾಕಿ ಶುದ್ಧಿ ಮಾಡುವ ‘ನಲ್ಗೊಂಡ ವಿಧಾನ’ವನ್ನು ನಾಗಪುರದ ಸಂಶೋಧನಾಲಯದವರು ರೂಪಿಸಿದ್ದಾರೆ. ಅದು ನೀರನ್ನು ಪರೀಕ್ಷಿಸಿ ಅಳತೆಯಿಂದ ಮಾಡತಕ್ಕ ಕೆಲಸ. ಕೈಗೆ ಬಂದಷ್ಟು ಪಟಿಕ ಹಾಕುವುದು ಬೇರೊಂದು ಕೇಡಿಗೆ ದಾರಿ.

ರೈತರ ಕೈಯಲ್ಲೇ ಇರುವ ಉಪಾಯವೆಂದರೆ ಮಳೆಯ ನೀರು. ಕಲ್ಲು ಮುಟ್ಟದ ನೀರಿನಲ್ಲಿ ಫ್ಲೋರೈಡ್ ತೀರ ಕಡಮೆ. 20 ಅಡಿ ಉದ್ದ, 15 ಅಡಿ ಅಗಲದ ತಾರಸಿಯ ಮೇಲೆ ಒಂದಂಗುಲ ಮಳೆ ಬಿದ್ದರೆ ಸುಮಾರು 700 ಲೀಟರು ನೀರಾಗುತ್ತದೆ. ಸೋರಿದ್ದು ಕಳೆದು 600 ಲೀಟರು ನಿಂತರೂ, ಐದು ಜನರ ಮನೆಗೆ ಕುಡಿಯಲು, ಬೇಯಿಸಲು ದಿನಕ್ಕೆ 25 ಲೀಟರಿನಂತೆ 24 ದಿನಕ್ಕೆ ಬಂತು. ಮಳೆಗೆ ಮುಂಚೆ ಮಾಡು ಗುಡಿಸಿ, ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಬಟ್ಟೆ ಕಟ್ಟಿ ತೊಟ್ಟಿಗೆ ಇಳಿಸಬೇಕು. ಸೊಳ್ಳೆ ಮೊಟ್ಟೆಯಿಡದಂತೆ ತೊಟ್ಟಿಯನ್ನು ಬಿಗಿಯಾಗಿ ಮುಚ್ಚಬೇಕು. ಕುಡಿಯುವ ಮೊದಲು ಕುದಿಸಿ ಆರಿಸಬೇಕು. ಬೇಸಗೆಯ ಈ ಬಿಡುವಿನಲ್ಲಿಯೇ ತೊಟ್ಟಿ ಕಟ್ಟಿಕೊಂಡರೆ ಮುಂಗಾರಿನ ಮೊದಲ ಹದಮಳೆ ವ್ಯರ್ಥವಾಗದು.

ಆಹಾರವೂ ತಕ್ಕಮಟ್ಟಿಗೆ ಕಾಪಾಡುತ್ತದೆ. ಸುಣ್ಣದ ಅಂಶ ಸಾಕಷ್ಟಿದ್ದರೆ ಫ್ಲೋರೈಡ್ ಮೈಗೆ ಹಿಡಿಯುವುದು ಕಡಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಉಂಟು. ಅಕ್ಕಿಯಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು. ನಮ್ಮ ಹೊಲದ ರಾಗಿಯನ್ನು ಮಾರಿ ರೇಷನ್ ಅಕ್ಕಿಯನ್ನೇ ಮೂರು ಹೊತ್ತೂ ಉಣ್ಣುವುದು ಜಾಣತನವಲ್ಲ. ಹಾಲು, ಮೊಸರು, ನುಗ್ಗೆಸೊಪ್ಪು, ಜೊತೆಗೆ ‘ಸಿ’ ಜೀವಸತ್ತ್ವವಿರುವ ಬೆಟ್ಟದ ನೆಲ್ಲಿ, ಸೀಬೆ, ನಿಂಬೆ ಮಕ್ಕಳಿಗೆ ದೊರೆಯಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಶಾಲಾ ಬಾಲಕರಿಗೆ ದಿನಕ್ಕೆ 10 ಗ್ರಾಂ ಹುಣಿಸೆಹಣ್ಣು ಕೊಟ್ಟು ನೋಡಿ, ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಹೋಯಿತೆಂದು 2002ರಲ್ಲಿ ಪ್ರಕಟಿಸಿದರು. ಹುಣಿಸೆಗೆ ನಮ್ಮಲ್ಲಿ ಬರವಿಲ್ಲ. ಆದರೆ ಕೆಟ್ಟ ನೀರು ಕುಡಿಯುತ್ತ ಹುಣಿಸೆಯನ್ನು ಮದ್ದೆಂದು ನಂಬಬೇಡಿ. ನೀರು ಬದಲಾದ ಮೇಲೆಯೇ ಇವೆಲ್ಲ ಸಹಾಯಕ್ಕೆ ಬರುವುದು. ಚಹಾದ ಎಲೆಯಲ್ಲಿಯೂ ಫ್ಲೋರೈಡ್ ಇರುವುದರಿಂದ ಚಿಕ್ಕ ಮಕ್ಕಳಿಗೆ ಚಹಾ ಬೇಡ.

ದನಕರುಗಳಿಗೂ ಈ ಕೇಡು ತಪ್ಪಿದ್ದಲ್ಲ. ಹಲ್ಲು ಸವೆದು ಮೇವು ಅಗಿಯಲಾರದ, ಕಾಲು ಎಳೆಯುವ ರಾಸುಗಳಿದ್ದರೆ ಪಶುವೈದ್ಯರಿಗೆ ತೋರಿಸುವಾಗ ನೀರಿನ ವಿಷಯವನ್ನೂ ಹೇಳಿ.

ಮೊದಲು ಪರೀಕ್ಷೆ

ಎಲ್ಲ ಬೋರೂ ಕೆಟ್ಟದ್ದಲ್ಲ. ಒಂದೇ ಊರಿನಲ್ಲಿ ಮೇಲಿನ ಕೇರಿಯ ಬೋರು ಒಳ್ಳೆಯದಿದ್ದು ಕೆಳಗಿನ ಕೇರಿಯದು ಕೆಟ್ಟದ್ದಿರಬಹುದು. ಆದ್ದರಿಂದ ಕಣ್ಣಳತೆ ಸಾಲದು, ಪರೀಕ್ಷೆಯೇ ಆಗಬೇಕು. ನೀರು ಸರಬರಾಜು ನೋಡಿಕೊಳ್ಳುವ ‘ಟ್ವಾಡ್’ ಮಂಡಳಿಯವರಿಗೆ ಜಿಲ್ಲಾ ಕೇಂದ್ರದಲ್ಲಿ ನೀರು ಪರೀಕ್ಷಿಸುವ ಪ್ರಯೋಗಶಾಲೆ ಇದೆ. ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ, ತುಂಬಿ, ಯಾವ ಬೋರು, ಯಾವ ದಿನ ಎಂದು ಚೀಟಿ ಅಂಟಿಸಿ ಒಯ್ಯಬೇಕು. ಬರುವ ಕಾಗದ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೂ ಅಂಜಬೇಕಿಲ್ಲ. ‘ಫ್ಲೋರೈಡ್’ ಎಂಬ ಸಾಲಿನ ಮುಂದಿನ ಅಂಕಿಯನ್ನು ಶಾಲೆಗೆ ಹೋಗುವ ಮಗುವಿನಿಂದ ಓದಿಸಿದರೆ ಸಾಕು. ಒಂದೂವರೆ ಮೀರಿದೆಯೆ, ಇಲ್ಲವೆ ಎಂಬುದೇ ಪ್ರಶ್ನೆ. ಬೇಸಗೆಗೊಂದು ಸಲ, ಮಳೆಗಾಲ ಕಳೆದ ಮೇಲೊಂದು ಸಲ ನೋಡಿಸುವುದು ಮೇಲು.

ಮಿತಿ ಮೀರಿದ್ದರೆ ಅದನ್ನು ಜಗಲಿಯಲ್ಲಿ ಹೇಳಿಕೊಂಡು ಸುಮ್ಮನಿರಬೇಡಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ನಡೆಯುವ ಗ್ರಾಮಸಭೆಗೆ ಆ ಕಾಗದ ಹಿಡಿದು ಹೋಗಿ. ಕುಡಿಯುವ ನೀರಿನ ತೊಟ್ಟಿಗೆ ಆ ಬೋರನ್ನು ಸೇರಿಸಬಾರದೆಂದೂ, ಶಾಲೆಗೂ ಅಂಗನವಾಡಿಗೂ ಮೊದಲು ಹೊಳೆಯ ನೀರು ಬಿಡಬೇಕೆಂದೂ ಕೇಳಿ. ಬರೆದು ಕೊಟ್ಟ ಅಂಕಿಗೆ ಬಾಯಿಮಾತಿಗಿಂತ ತೂಕ ಹೆಚ್ಚು. ಈಗ ತೊಟ್ಟಿಲಲ್ಲಿರುವ ಕೂಸುಗಳ ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿದೆ. ಅವರ ಪಾಲಿಗೆ ಕಾಲ ಮಿಂಚಿಲ್ಲ. ಮೇ 1ರ ಸಭೆಗೆ ಮುಂಚೆ ಪ್ರತಿ ಊರಿನವರೂ ಒಂದು ಬಾಟಲಿ ನೀರನ್ನಾದರೂ ಪರೀಕ್ಷೆಗೆ ಕಳುಹಿಸಲಿ.