ಗುಲ್ಮಾರ್ಗ್‌ಗೆ ಸ್ಕೀಯಿಂಗ್ ಪ್ರವಾಸ: ಬ್ಯಾಗಿನಲ್ಲಿ ಕರ್ಪೂರ ಬೇಕೆ?

ಡಿಸೆಂಬರ್ ಬಂತೆಂದರೆ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿಮದ ಫೋಟೋಗಳು ಓಡಾಡತೊಡಗುತ್ತವೆ. "ಈ ಸಲ ಊಟಿ ಬೇಡ, ಕಾಶ್ಮೀರಕ್ಕೆ ಹೋಗಿ ಸ್ಕೀಯಿಂಗ್ ಕಲಿಯೋಣ" ಎಂದು ಯಾರಾದರೊಬ್ಬರು ಹೇಳಿದರೆ ಸಾಕು, ಸಲಹೆಗಳ ಸುರಿಮಳೆ. ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದೆ, ಒಂದು ಪೆಗ್ ರಮ್ ಕುಡಿದರೆ ಚಳಿ ಹತ್ತಿರ ಸುಳಿಯುವುದಿಲ್ಲ, ಜಿಮ್‌ಗೆ ಹೋಗುವವರಿಗೆ ಏನೂ ಆಗುವುದಿಲ್ಲ ಎಂದೆಲ್ಲ. ಇವುಗಳಲ್ಲಿ ಎಷ್ಟು ನಿಜ?

ಮೊದಲು ಎತ್ತರದ ಲೆಕ್ಕ

ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಗುಲ್ಮಾರ್ಗ್‌ನ ಹೋಟೆಲುಗಳಿರುವ ಜಾಗವೇ ಸುಮಾರು 2,650 ಮೀಟರ್. ಅಲ್ಲಿಂದ ಗೊಂಡೋಲಾ ಎಂಬ ಕೇಬಲ್ ಕಾರು ಎರಡು ಹಂತಗಳಲ್ಲಿ ಮೇಲೇರುತ್ತದೆ. ಮೊದಲ ಹಂತ ಕೊಂಗ್‌ಡೂರಿಗೆ, ಸುಮಾರು 3,100 ಮೀಟರ್. ಎರಡನೆಯದು ಅಫರ್‌ವತ್ ಪರ್ವತದ ಹೆಗಲಿಗೆ, ಸುಮಾರು 3,950 ಮೀಟರ್.

ಅಲ್ಲಿನ ಗಾಳಿಯಲ್ಲೂ ಆಮ್ಲಜನಕದ ಪಾಲು ಇಲ್ಲಿಯಂತೆಯೇ ಶೇ. 21. ಆದರೆ ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಗೊಂಡೋಲಾದ ತುದಿಯಲ್ಲಿ ಅದು ಸಮುದ್ರಮಟ್ಟದ ಸುಮಾರು ಶೇ. 60ರಷ್ಟು ಮಾತ್ರ. ಹಾಗಾಗಿ ಒಂದೊಂದು ಉಸಿರಿಗೂ ಒಳಬರುವ ಆಮ್ಲಜನಕ ಕಡಿಮೆ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ, ಸುಸ್ತು, ನಿದ್ರೆ ಬಾರದಿರುವುದು ಶುರುವಾಗುತ್ತದೆ. ಇದೇ ಎತ್ತರದ ಕಾಯಿಲೆ.

ನಂಬಿಕೆ 1: ಗಟ್ಟಿಮುಟ್ಟಾಗಿದ್ದರೆ ಏನೂ ಆಗದು

ಫಿಟ್‌ನೆಸ್ ಸ್ಕೀಯಿಂಗ್‌ಗೆ ಬೇಕು, ಆದರೆ ಎತ್ತರದ ಕಾಯಿಲೆಯಿಂದ ಅದು ಕಾಪಾಡುವುದಿಲ್ಲ. ಎಷ್ಟು ಬೇಗ ಮೇಲೇರಿದಿರಿ, ರಾತ್ರಿ ಯಾವ ಎತ್ತರದಲ್ಲಿ ಮಲಗಿದಿರಿ ಎಂಬುದೇ ಮುಖ್ಯ. ಬಲಿಷ್ಠರು ಅವಸರವಾಗಿ ಮೇಲೇರಿ ಹೆಚ್ಚು ದಣಿದು ತೊಂದರೆಗೆ ಸಿಲುಕುವುದೂ ಉಂಟು.

ಹಾಗಾಗಿ ಬೆಳಗ್ಗೆ ವಿಮಾನ ಹತ್ತಿ ಸಂಜೆಯೇ ಗುಲ್ಮಾರ್ಗ್ ತಲುಪುವ ಬದಲು, ಸುಮಾರು 1,600 ಮೀಟರ್ ಎತ್ತರದ ಶ್ರೀನಗರದಲ್ಲಿ ಒಂದು ರಾತ್ರಿ ತಂಗಿ. ಗುಲ್ಮಾರ್ಗ್‌ನಲ್ಲಿ ಮೊದಲ ದಿನ ಊರೊಳಗಿನ ಸಣ್ಣ ಇಳಿಜಾರುಗಳಲ್ಲೇ ಕಲಿಯಿರಿ. ಗೊಂಡೋಲಾದ ಎರಡನೇ ಹಂತವನ್ನು ಮೂರನೇ ದಿನಕ್ಕೆ ಇಟ್ಟುಕೊಳ್ಳಿ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ, ತೀವ್ರ ರಕ್ತಹೀನತೆ ಇರುವವರು ಮತ್ತು ಗರ್ಭಿಣಿಯರು ಟಿಕೆಟ್ ಕಾಯ್ದಿರಿಸುವ ಮೊದಲೇ ವೈದ್ಯರನ್ನು ಕಾಣಬೇಕು. ಎತ್ತರದ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆ ಇದೆ, ಆದರೆ ಅದು ಎಲ್ಲರಿಗೂ ಬೇಕಿಲ್ಲ, ಎಲ್ಲರಿಗೂ ಒಗ್ಗುವುದೂ ಇಲ್ಲ. ಅದನ್ನೂ ವೈದ್ಯರೇ ಹೇಳಬೇಕು.

ನಂಬಿಕೆ 2: ಕರ್ಪೂರ ಮೂಸಿದರೆ ಆಮ್ಲಜನಕ ಏರುತ್ತದೆ

ಕರ್ಪೂರದ ವಾಸನೆಗೆ ಮೂಗಿನೊಳಗೆ ತಂಪೆನಿಸಿ, ಉಸಿರು ಸಲೀಸಾದಂತೆ ಭಾಸವಾಗುತ್ತದೆ. ರಕ್ತದ ಆಮ್ಲಜನಕ ಮಾತ್ರ ಏರುವುದಿಲ್ಲ. ಅಪಾಯ ಇರುವುದು ಇಲ್ಲೇ: ಹಾಯೆನಿಸಿತೆಂದು ನಿಜವಾದ ಲಕ್ಷಣಗಳನ್ನು ಕಡೆಗಣಿಸುತ್ತೇವೆ. ಮಕ್ಕಳು ಕರ್ಪೂರ ನುಂಗಿಬಿಟ್ಟರೆ ಫಿಟ್ಸ್ ಬರಬಹುದು, ಅದು ವಿಷ. ಚಿಕ್ಕ ಆಮ್ಲಜನಕದ ಕ್ಯಾನುಗಳೂ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ.

ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಕೆಳಗಿಳಿಯಬೇಕು. ಶ್ರೀನಗರ ಸುಮಾರು 50 ಕಿ.ಮೀ. ದೂರದಲ್ಲಿದೆ, ಅಲ್ಲಿಗೆ ಬಂದರೆ ಸಾವಿರ ಮೀಟರ್ ಕೆಳಗಿಳಿದಂತೆ.

ನಂಬಿಕೆ 3: ಮದ್ಯ ಮೈ ಬೆಚ್ಚಗಿಡುತ್ತದೆ

ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಿಸಿರಕ್ತ ಚರ್ಮದತ್ತ ಹರಿಯುವುದರಿಂದ ಬೆಚ್ಚಗೆನಿಸುತ್ತದೆ, ಆದರೆ ಅದೇ ದಾರಿಯಲ್ಲಿ ದೇಹದ ಶಾಖ ಹೊರಹೋಗುತ್ತದೆ. ಮೇಲಾಗಿ ನಿದ್ರೆಯಲ್ಲಿ ಉಸಿರಾಟವೂ ಮಂದವಾಗುತ್ತದೆ. ಮರುದಿನ ತಲೆನೋವು ಬಂದರೆ ಅದು ಕುಡಿದದ್ದರಿಂದಲೋ ಎತ್ತರದಿಂದಲೋ ಗೊತ್ತಾಗುವುದಿಲ್ಲ. ಬಿಸಿ ಕಹ್ವಾ ಕುಡಿಯಿರಿ, ಹತ್ತಿಬಟ್ಟೆಯ ಬದಲು ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆಗಳನ್ನು ಒಂದರ ಮೇಲೊಂದು ತೊಡಿ. ಬೆವರಿನಿಂದ ಒದ್ದೆಯಾದ ಹತ್ತಿ ಬೇಗ ಒಣಗುವುದಿಲ್ಲ.

ನಂಬಿಕೆ 4: ಚಳಿಯಲ್ಲಿ ಸನ್‌ಸ್ಕ್ರೀನ್ ಯಾಕೆ?

ಪ್ರತಿ 1,000 ಮೀಟರ್‌ಗೆ ಅತಿನೇರಳೆ ಕಿರಣಗಳು ಸುಮಾರು ಶೇ. 10ರಷ್ಟು ಹೆಚ್ಚುತ್ತವೆ. ಹೊಸದಾಗಿ ಬಿದ್ದ ಹಿಮ ಅವುಗಳಲ್ಲಿ ಶೇ. 80ರವರೆಗೆ ಪ್ರತಿಫಲಿಸುತ್ತದೆ. ಹಾಗಾಗಿ ಗಲ್ಲದಡಿ, ಮೂಗಿನ ಕೆಳಗೂ ಚರ್ಮ ಸುಡುತ್ತದೆ. ಬರಿಗಣ್ಣಲ್ಲಿ ಓಡಾಡಿದರೆ ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಬಿದ್ದಂಥ ಉರಿ, ನೀರು ಸುರಿಯುವುದು ಶುರುವಾಗಬಹುದು. ಇದೇ ಹಿಮಗುರುಡು. ಕನ್ನಡಕ ಬರೀ ಕಪ್ಪಗಿದ್ದರೆ ಸಾಲದು, ಅತಿನೇರಳೆ ಕಿರಣಗಳನ್ನು ತಡೆಯುವಂಥದ್ದೇ ಬೇಕು.

ನಂಬಿಕೆ 5: ಕೂಗಿದರೆ ಹಿಮಪಾತವಾಗುತ್ತದೆ

ಇದು ಸಿನಿಮಾದ ಮಾತು. ಹಿಮದ ಪದರ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಸ್ಕೀ ಮಾಡುವವರ ಭಾರದಿಂದಲೇ. 2023ರ ಫೆಬ್ರುವರಿಯಲ್ಲಿ ಅಫರ್‌ವತ್‌ನಲ್ಲಿ ಹಿಮಕುಸಿತವಾಗಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. ಮುಂದಿನ ವರ್ಷದ ಫೆಬ್ರುವರಿಯಲ್ಲಿ ಗುಲ್ಮಾರ್ಗ್‌ನಲ್ಲೇ ರಷ್ಯಾದ ಒಬ್ಬರು ತೀರಿಕೊಂಡರು. ಹೊಸಬರು ಕಲಿಯುವ ಸಣ್ಣ ಇಳಿಜಾರುಗಳ ಮಾತು ಬೇರೆ. ಆದರೆ ಮೇಲೆ ಹೋದಾಗ ಹಗ್ಗ ಕಟ್ಟಿದ ಗಡಿ ದಾಟಬೇಡಿ, ಗಸ್ತು ಸಿಬ್ಬಂದಿ ಬೇಡವೆಂದ ಕಡೆ ಕಾಲಿಡಬೇಡಿ.

ಹೊರಡುವ ಮುನ್ನ

ಹಿಮ ಜೋರಾದರೆ ರಸ್ತೆ, ವಿಮಾನ ಎರಡೂ ನಿಲ್ಲಬಹುದು, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಗುಂಪಿನಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ. ಪ್ರವಾಸ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯೇ ಎಂದು ಓದಿ ನೋಡಿ, ಹಲವು ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಡುತ್ತವೆ. ಬಾಡಿಗೆಗೆ ಸ್ಕೀ, ಬೂಟು ಪಡೆಯುವಾಗ ಹೆಲ್ಮೆಟ್ಟನ್ನೂ ಕೇಳಿ ಪಡೆಯಿರಿ. ಕರ್ಪೂರ ಮನೆಯ ದೇವರಕೋಣೆಯಲ್ಲೇ ಇರಲಿ.