ಡ್ರೋನ್ ಕಂಡ ಕಾಡು, ಹೊಲ

ಮದುವೆ ಮನೆಗಳಲ್ಲಿ ತಲೆಯ ಮೇಲೆ ಗುಂಯ್ ಎಂದು ಹಾರಾಡುತ್ತಾ ಚಿತ್ರ ತೆಗೆಯುವ ಡ್ರೋನನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಇಂಥದೇ ಪುಟ್ಟ ಯಂತ್ರ ಕಾಡು-ಹೊಲಗಳನ್ನು ಕಾಯುವುದಕ್ಕೂ ನೆರವಾಗುತ್ತದೆ. ಹೇಗೆಂದು ಸ್ವಲ್ಪ ತಿಳಿಯೋಣ ಬನ್ನಿ.

ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಕಾಡಿನಲ್ಲಿ ಒರಾಂಗುಟಾನ್ ಎಂಬ ದೊಡ್ಡ ವಾನರಗಳಿವೆ. ಅವು ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಮರದ ಮೇಲೆ ಹೊಸ ಗೂಡು ಕಟ್ಟಿ ಮಲಗುತ್ತವೆ. ಗೂಡುಗಳನ್ನು ಎಣಿಸಿದರೆ ಎಷ್ಟು ಪ್ರಾಣಿಗಳಿವೆ ಎಂದು ಅಂದಾಜು ಮಾಡಬಹುದು. ಆದರೆ ದಟ್ಟ ಕಾಡಿನಲ್ಲಿ ನಡೆದು ಎಣಿಸುವುದು ಬಹಳ ಸಮಯ, ಹಣ ಬೇಡುವ ಕೆಲಸ. ಉಪಗ್ರಹದ ಚಿತ್ರ ನೋಡೋಣವೆಂದರೆ ಮೋಡ ಅಡ್ಡ! 2012ರ ಫೆಬ್ರವರಿಯಲ್ಲಿ ಲಿಯಾನ್ ಪಿನ್ ಕೋ ಮತ್ತು ಸರ್ಜ್ ವಿಚ್ ಎಂಬ ವಿಜ್ಞಾನಿಗಳು ಹವ್ಯಾಸಿಗಳು ಹಾರಿಸುವ ಪುಟ್ಟ ವಿಮಾನಕ್ಕೆ ಕ್ಯಾಮರಾ, ಜಿಪಿಎಸ್ ಜೋಡಿಸಿ ಅಲ್ಲಿ ಹಾರಿಸಿದರು. ಖರ್ಚು 2,000 ಡಾಲರಿಗಿಂತ ಕಡಿಮೆ. ಒಂದು ಹಾರಾಟ ಸುಮಾರು 25 ನಿಮಿಷ. ಚಿತ್ರಗಳಲ್ಲಿ ಗೂಡುಗಳೂ ಕಂಡವು, ಮರ ಕಡಿದ ಜಾಗಗಳೂ ಕಂಡವು.

ಉಳುವ ರೈತ ಸಾಲು ಹಿಡಿದು ಹೋಗಿ ಬರುವಂತೆ ಡ್ರೋನ್ ಹಾರುತ್ತದೆ. ಒಂದು ಚಿತ್ರದ ಅಂಚು ಇನ್ನೊಂದರಲ್ಲೂ ಬರುವಂತೆ ನೂರಾರು ಚಿತ್ರ ತೆಗೆಯುತ್ತದೆ. ಕಂಪ್ಯೂಟರ್ ಅವನ್ನೆಲ್ಲ ಹೊಲಿದು ನಕ್ಷೆ ಮಾಡುತ್ತದೆ.

ಹೊಲದಲ್ಲಿ ಇನ್ನೊಂದು ಉಪಾಯವಿದೆ. ಆರೋಗ್ಯವಾದ ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವನ್ನು ಹಿಂದಕ್ಕೆ ಕಳಿಸುತ್ತದೆ. ಗಿಡ ಸೊರಗಿದಾಗ ಇವೆರಡರ ಪ್ರಮಾಣ ಬದಲಾಗುತ್ತದೆ. ವಿಶೇಷ ಕ್ಯಾಮರಾ ಇದನ್ನು ಹಿಡಿದು, ಸೊರಗಿದ ಭಾಗವನ್ನು ಬೇರೆ ಬಣ್ಣದಲ್ಲಿ ತೋರಿಸುತ್ತದೆ.

ಆದರೆ ಒಂದು ಮಾತು. ಗಿಡ ಎಲ್ಲಿ ಸೊರಗಿದೆ ಎಂದು ಚಿತ್ರ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ನೀರಿಲ್ಲವೋ, ಗೊಬ್ಬರ ಸಾಲದೋ, ಹುಳು ಬಿದ್ದಿದೆಯೋ? ಮೇಲಿನಿಂದ ಎಲ್ಲವೂ ಒಂದೇ ರೀತಿ ಕಾಣಬಹುದು. ಸುಮಾತ್ರಾದಲ್ಲೂ ಎಲೆಗಳ ಮರೆಯಲ್ಲಿರುವ ಗೂಡು ಕ್ಯಾಮರಾಕ್ಕೆ ಸಿಗದು. ಯಾರಾದರೂ ನಡೆದು ಹೋಗಿ, ಎಲೆ ಮಗುಚಿ ನೋಡಲೇಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಡ್ರೋನ್ ಉಳಿಸುವುದು ಎಲ್ಲೆಂದು ಹುಡುಕುತ್ತಾ ಸುತ್ತುವ ಶ್ರಮವನ್ನು.

ಊರಿನಲ್ಲಿ ಗದ್ದೆ-ತೋಟ ನೋಡಿಕೊಳ್ಳುವ ಅಪ್ಪ-ಅಮ್ಮನಿಗೆ ಇಲ್ಲಿಂದಲೇ ಒಂದು ಡ್ರೋನ್ ಒಯ್ಯೋಣವೆಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳಿ! ಸಂಶೋಧನೆ, ರಕ್ಷಣೆಯಂಥ ಕೆಲವು ಉದ್ದೇಶಗಳ ಹೊರತು ವಿದೇಶಿ ಡ್ರೋನ್‌ಗಳ ಆಮದನ್ನು ಭಾರತ ಸರಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿತು. ನಿಯಮ ವಿಚಾರಿಸದೆ ಪೆಟ್ಟಿಗೆಗೆ ತುಂಬಬೇಡಿ. ಅಲ್ಲಿಯೇ ತರಬೇತಿ ಪಡೆದವರಿಂದ ಚಿತ್ರ ತೆಗೆಸುವುದು ಲೇಸು. ಆ ಚಿತ್ರ ನಿಮ್ಮ ಫೋನಿಗೆ ಬಂದ ದಿನ, "ಅಪ್ಪಾ, ಆ ಮೂಲೆಯ ಗಿಡಗಳನ್ನು ಹೋಗಿ ನೋಡಿದಿರಾ?" ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ.