ಹಲಗೆಯ ಹಿಗ್ಗು ಕುಗ್ಗು

ಹೊಸೂರು, ಡೆಂಕಣಿಕೋಟೆ, ಕೆಲಮಂಗಲ, ತಳಿ ಮೊದಲಾದ ಊರುಗಳಲ್ಲಿ ಇನ್ನೂ ಉಳಿದಿರುವ ಹಳೆಯ ಮಾಳಿಗೆಮನೆಯೊಂದರ ನಡುಮನೆಯಲ್ಲಿ ನಿಂತು ತಲೆಯೆತ್ತಿ ನೋಡಿದರೆ, ಗೋಡೆಯಿಂದ ಗೋಡೆಗೆ ಚಾಚಿದ ತೊಲೆ, ಅದರ ಮೇಲೆ ಅಡ್ಡಲಾಗಿ ಸಾಲುಗೊಂಡ ಜಂತೆಗಳು, ತೊಲೆಯ ಭಾರವನ್ನು ಕಂಬಕ್ಕೆ ಇಳಿಸಿಕೊಡುವ ಬೋದಿಗೆ, ಹೀಗೆ ಮರವು ತಾನು ವಹಿಸಿದ ಕಾರ್ಯಕ್ಕೆ ಅನುಗುಣವಾದ ಒಂದೊಂದು ನಾಮವನ್ನು ಧರಿಸಿ ನಿಂತಿರುವುದು ಕಾಣುತ್ತದೆ. ಹೆಂಚಿನ ಮನೆಯಾದರೆ ಪಕಾಸಿ, ರೀಪು ಎಂಬ ಹೆಸರುಗಳೂ ಸೇರುತ್ತವೆ.

ಇವೆಲ್ಲಕ್ಕಿಂತ ಅರ್ಥವತ್ತಾದ ಮಾತು ಮತ್ತೊಂದುಂಟು. ಮರದ ಒಡಲಿನ ಬಲಿತ ಭಾಗವನ್ನು ನಾವು ಚೇಗು ಎನ್ನುತ್ತೇವೆ. ತೆಲುಗರು ಚೇವ ಎನ್ನುತ್ತಾರೆ. ತಮಿಳರಾದರೋ ವೈರಂ, ಎಂದರೆ ವಜ್ರವೆಂದೇ ಕರೆಯುತ್ತಾರೆ. ಮೂರು ಭಾಷೆಗಳೂ ಒಂದೇ ಬೀದಿಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ಮೂರಕ್ಕೂ ಸ್ವಂತ ಪದವಿರುವುದು ಗಮನಾರ್ಹ. ಚೇಗಿಗೆ ಕೆಚ್ಚೆಂಬ ಹೆಸರೂ ಇದೆ. ಧೀರನನ್ನು ಕೆಚ್ಚೆದೆಯವನೆಂದು ಹೊಗಳುವಾಗ ನಾವು ಬಡಗಿಯ ಮಾತನ್ನೇ ಆಡುತ್ತಿರುತ್ತೇವೆ. ಆಶ್ಚರ್ಯವೆಂದರೆ, ಈ ಕೆಚ್ಚು ಜೀವವಿಲ್ಲದ ಭಾಗ. ಬೇರಿನಿಂದ ನೀರೆಳೆಯುವ ಕಾರ್ಯ ತೊಗಟೆಯ ಒಳಮಗ್ಗುಲಿನ ಬೆಳ್ಳನೆಯ ಮರದ್ದು. ಅಲ್ಲಿ ಸಂಚಿತವಾದ ಪಿಷ್ಟವನ್ನು ಅರಸಿ ಬರುವ ಕೊರೆಹುಳು ಹಲಗೆಯನ್ನು ಹಿಟ್ಟುಮಾಡುತ್ತದೆ. ಒಳಗಿನ ಕೋಶಗಳು ಸಾಯುವಾಗ ಪಿಷ್ಟವು ನಷ್ಟವಾಗಿ, ಅದರ ಸ್ಥಾನದಲ್ಲಿ ಕೀಟಗಳಿಗೆ ಅಹಿತವಾದ ದ್ರವ್ಯಗಳು ತುಂಬಿಕೊಳ್ಳುತ್ತವೆ. ತೇಗಕ್ಕೆ ಗೆದ್ದಲು ಸುಲಭವಾಗಿ ಹತ್ತದಿರುವುದು ಚೇಗಿನ ಈ ಗುಣದಿಂದ. ಅಂಚೆಟ್ಟಿಯ ಕಡೆಯ ಒಣಕಾಡುಗಳಲ್ಲಿ ಬೆಳೆಯುವ ಕಮರದ ಚೇಗಂತೂ ಘನ ಮೀಟರಿಗೆ 1000 ಕಿಲೋಗ್ರಾಂ ಮೀರುವಷ್ಟು ಸಾಂದ್ರವಾದುದು. ನೀರಿಗೆ ಹಾಕಿದರೆ ಮುಳುಗುತ್ತದೆ. ತೇಗದ ತೂಕ ಸುಮಾರು 650.

ಆದರೆ ಜೀವವಿಲ್ಲದ ಮರಕ್ಕೆ ಚಲನೆಯಿಲ್ಲವೆಂದು ತಿಳಿಯಬಾರದು. ಹಸಿಮರದ ಟೊಳ್ಳುಗಳಲ್ಲಿ ತುಂಬಿದ ನೀರು ಆರುವವರೆಗೆ ಅದರ ಗಾತ್ರ ಕುಗ್ಗುವುದಿಲ್ಲ. ತೇವಾಂಶವು ಶೇಕಡ 30ಕ್ಕಿಂತ ಕೆಳಗಿಳಿದು, ಕೋಶಭಿತ್ತಿಯೊಳಗಣ ನೀರೇ ಹೊರಡತೊಡಗಿದಾಗ ಕುಗ್ಗು ಆರಂಭವಾಗುತ್ತದೆ. ಭಿತ್ತಿಯ ಸೂಕ್ಷ್ಮತಂತುಗಳು ಬಹುಮಟ್ಟಿಗೆ ಮರದ ಉದ್ದಕ್ಕೆ ಮಲಗಿರುವುದರಿಂದ ನೀರು ಅವುಗಳ ನಡುವೆ ಹೊಕ್ಕು ಹೊರಟು ಅಗಲವನ್ನು ಬದಲಿಸುತ್ತದೆಯೇ ಹೊರತು ಉದ್ದವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಸಿ ತೇಗವು ಪೂರ್ಣವಾಗಿ ಒಣಗಿದರೆ ತಿರುಳಿನಿಂದ ತೊಗಟೆಯತ್ತ ಸಾಗುವ ದಿಕ್ಕಿನಲ್ಲಿ ಸುಮಾರು ಶೇಕಡ 2.5ರಷ್ಟು, ವರ್ಷವಲಯಗಳ ಸುತ್ತಿನ ದಿಕ್ಕಿನಲ್ಲಿ 5.8ರಷ್ಟು ಕುಗ್ಗುತ್ತದೆ. ದಿಮ್ಮಿಯನ್ನು ಪದರಪದರವಾಗಿ ಸೀಳಿದ ಹಲಗೆ ಒಣಗಿದಾಗ ತೊಗಟೆಯ ಮಗ್ಗುಲಿಗೆ ದೋಣಿಯಂತೆ ಬಾಗುವುದಕ್ಕೂ, ತಿರುಳಿನಿಂದ ತೊಗಟೆಯತ್ತ ಸೀಳಿದ ಹಲಗೆ ನೇರವಾಗಿ ಉಳಿಯುವುದಕ್ಕೂ ಈ ಅಸಮತೆಯೇ ಕಾರಣ.

ಈ ಸೀಮೆಯ ಮನೆಗಳಲ್ಲಿ ನೆಲಕ್ಕೆ ಮರ ಹಾಸುವ ವಾಡಿಕೆ ಇರಲಿಲ್ಲ. ಮಣ್ಣು ಸಗಣಿ, ಕಲ್ಲುಚಪ್ಪಡಿ, ಆಮೇಲೆ ಕೆಂಪು ಗಾರೆ. ಹಲಗೆ ಹಾಸುತ್ತಿದ್ದುದು ಅಟ್ಟಕ್ಕೆ. ಈಗ ಮರದ ನೆಲವನ್ನು ಅಪೇಕ್ಷಿಸುವವರು ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಗಾಳಿಯ ಆರ್ದ್ರತೆ ಶೇಕಡ 80ರಲ್ಲೇ ನಿಂತರೆ ಮರದ ತೇವಾಂಶ ಕ್ರಮೇಣ 16ಕ್ಕೇರುತ್ತದೆ, 50ಕ್ಕಿಳಿದರೆ 9ಕ್ಕಿಳಿಯುತ್ತದೆ. ಪದರಪದರವಾಗಿ ಸೀಳಿದ 150 ಮಿಲಿಮೀಟರ್ ಅಗಲದ ತೇಗದ ಹಲಗೆ ಈ ಅಂತರದಲ್ಲಿ 2 ಮಿಲಿಮೀಟರಿನಷ್ಟು ಕುಗ್ಗೀತು. ಇನ್ನೊಂದು ರೀತಿ ಸೀಳಿದ್ದು, 1 ಮಿಲಿಮೀಟರಿಗೂ ಕಡಿಮೆ. ಅಲ್ಪವೆನ್ನಿಸಬಹುದು, ಆದರೆ ಮೂರು ಮೀಟರ್ ಅಗಲದ ಕೋಣೆಯಲ್ಲಿ ಅಂಥ 20 ಹಲಗೆಗಳು ಸೇರಿದರೆ ವ್ಯತ್ಯಾಸವು 4 ಸೆಂಟಿಮೀಟರಾಗುತ್ತದೆ. ಗೋಡೆಯ ಅಂಚಿನಲ್ಲಿ ಸಂದು ಬಿಡದೆ ಒಣಹಲಗೆಯನ್ನು ಬಿಗಿದು ಕೂರಿಸಿದರೆ ಹಸ್ತ, ಚಿತ್ತ ಮಳೆಗಳ ಹೊತ್ತಿಗೆ ನೆಲವೇ ಉಬ್ಬಿ ಮೇಲೇಳುತ್ತದೆ. ನಮ್ಮ ದೇಶದ ಮಾನಕವಾದ ಐಎಸ್ 287 ಮರಕ್ಕೆ ತಕ್ಕ ತೇವಾಂಶವನ್ನು ಹವಾಮಾನ ವಲಯಗಳಿಗನುಸಾರವಾಗಿ ಬೇರೆ ಬೇರೆಯಾಗಿ ವಿಧಿಸಿರುವುದು ಇದಕ್ಕಾಗಿಯೇ. ಮನೆ ಕಟ್ಟುವವರು ತೇಗವೋ ಹೊನ್ನೆಯೋ ಎಂದು ವಿಚಾರಿಸುವಷ್ಟೇ ಶ್ರದ್ಧೆಯಿಂದ, ಎಷ್ಟು ಒಣಗಿದೆ, ಹೇಗೆ ಸೀಳಿದೆ ಎಂದೂ ಕೇಳಬೇಕೆಂಬುದು ನನ್ನ ಆಗ್ರಹ.

ಹಳೆಯ ಬಡಗಿಗಳು ಇದನ್ನು ಅಂಕಿಗಳಿಲ್ಲದೆಯೇ ಅರಿತಿದ್ದರು. ಬಾಗಿಲಿನ ಚೌಕಟ್ಟಿನ ಒಳಮೈಯಲ್ಲಿ ತೋಡು ಕೊರೆದು, ನಡುವಣ ಹಲಗೆಯನ್ನು ಮೊಳೆಯಿಂದಲೂ ಅಂಟಿನಿಂದಲೂ ಬಂಧಿಸದೆ ಸಡಿಲವಾಗಿ ಸೇರಿಸುತ್ತಿದ್ದರು. ಮಳೆಗಾಲದಲ್ಲಿ ಹಿಗ್ಗಿದ ಹಲಗೆ ತೋಡಿನೊಳಗೆ ಸರಿದು ಅಡಗುತ್ತದೆ. ಚೈತ್ರ ವೈಶಾಖಗಳಲ್ಲಿ ಅದೇ ಹಲಗೆ ಕುಗ್ಗಿದಾಗ, ಬಣ್ಣ ಬಳಿದವನ ಕುಂಚ ಮುಟ್ಟದ ಬರಿಮರದ ತೆಳುಗೆರೆಯೊಂದು ಅದರ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ.